ಒಂದು ಗೇಣು ಜಾಗ

ಟೊಮೇಟೊ ಕ್ರೇಟಿನಲ್ಲಿ ಬಂತು,
ಮೇಲೊಂದು ಹರಕು ಗೋಣಿ ಹೊದ್ದು,
ಚಿಂತಾಮಣಿ ಕಡೆಯ ಟೆಂಪೊದಿಂದ ಇಳಿದು.
ಕದಿರಪ್ಪ ಬಾಗಿಲಾಚೆಯೇ ನಿಂತು ಹೇಳಿದ:
'ಮಂಡಿಯಲ್ಲಿ ಚಕ್ರದ ಕೆಳಗೆ ಮಲಗಿತ್ತು.
ಎರಡು ದಿನ ಇಟ್ಕೊಳ್ಳಿ.'
ಎರಡು ದಿನ ಅಂದವರು ಯಾರೂ
ಮೂರನೆಯ ದಿನ ತಿರುಗಿ ಬಂದದ್ದಿಲ್ಲ
ನಮ್ಮ ಶಿಡ್ಲಘಟ್ಟದಲ್ಲಿ.

ಅಕ್ಕ ಬಾಣಲೆಯಿಂದ ಕೈ ತೆಗೆಯಲಿಲ್ಲ.
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳು,
ಬೆರಳ ತುದಿಗೆ ಎಂಟು ಗೂಡಿನ ಎಂಟು ಎಳೆ.
'ಇರೋ ಎರಡನ್ನ ಮಣ್ಣು ಮಾಡೋಕೆ
ಗುದ್ದಲಿ ತೊಳೆದಿಟ್ಟಿದ್ದೀನಿ,' ಅಂದಳು,
'ಹೊಸದಕ್ಕೆ ನನ್ನ ಹತ್ರ ಏನೂ ಇಲ್ಲ.'
ಎಳೆ ಕಡಿಯಿತು.
ಬೈದುಕೊಂಡು ಮತ್ತೆ ಸೇರಿಸಿದಳು.

ಇರುವ ಎರಡು:
ಬೂದಿ, ಹದಿಮೂರು ವರ್ಷ, ಎರಡೂ ಕಣ್ಣಿಗೆ ಪೊರೆ,
ಗೋಡೆಯನ್ನು ಮೂಸುತ್ತ ಮೂಸುತ್ತ
ನೀರಿನ ತೊಟ್ಟಿ ಮುಟ್ಟುವವಳು.
ಸರದಾರ, ಸರದಾರಿಕೆ ಈಗ ಹೆಸರಲ್ಲಷ್ಟೇ,
ಹಿಂಗಾಲು ಎಳೆಯುತ್ತ ಒಲೆಯ ಬಳಿ ಬಂದು
ಥೇಟು ನಮ್ಮಪ್ಪನ ಹಾಗೆ ಕೂರುವವನು:
ಮೊದಲು ಒಂದು ನಿಟ್ಟುಸಿರು,
ಆಮೇಲೆ ಮೈ.

ಇಬ್ಬರಿಗೂ ತೆಲುಗು ಬರುತ್ತದೆ.
'ಇಟ್ರಾ' ಅಂದರೆ ಬರುತ್ತಾರೆ,
'ಪೋ' ಅಂದರೆ ಹೋದಂತೆ ನಟಿಸುತ್ತಾರೆ.
ಮರಿಗೆ ಇನ್ನೂ ಯಾವ ಭಾಷೆಯೂ ಬಾರದು.
ಬೇಡ ಎಂಬುದು, ಕನ್ನಡದಲ್ಲೂ ತೆಲುಗಲ್ಲೂ,
ಅದಕ್ಕೊಂದು ಆಟದ ಹೆಸರು.

ಬಂದ ಸಂಜೆಯೇ ಸರದಾರನ ಬಾಲ ಕಚ್ಚಿತು.
ಅವನು ಉಳಿದ ಮೂರು ಹಲ್ಲನ್ನೂ ತೋರಿಸಿದ,
ನಕ್ಕನೆಂದು ತಿಳಿಯಿತು.
ಮರುದಿನ ಸತ್ತ ಹುಳುವಿನ ಮೂಟೆ ಹರಿದು
ಹೊಟ್ಟೆ ಬಿರಿಯೆ ತಿಂದು
ಅಕ್ಕನ ಚಾಪೆಯ ಮೇಲೆ ಎಲ್ಲವನ್ನೂ ಒಪ್ಪಿಸಿತು.
ಆ ನಾತವನ್ನು ಬಲ್ಲವರಿಗೆ ನಾನು ವಿವರಿಸಬೇಕಿಲ್ಲ,
ಅರಿಯದವರಿಗೆ ಹೇಳಿ ತಿಳಿಸಲಾಗದು.

ಬೂದಿ ಮಾತ್ರ ಬೆಚ್ಚಿ ಬೀಳುತ್ತಿದ್ದಳು,
ಕತ್ತಲೊಳಗಿಂದ ಇನ್ನೊಂದು ಕತ್ತಲು
ಮೈಮೇಲೆ ಹಾರಿದ ಹಾಗೆ.
ಮಾರಿದ ಕರುವಿನ ಕೊರಳಗಂಟೆ
ಅಟ್ಟದಲ್ಲಿ ಹುಡುಕಿ, ಮರಿಗೆ ಕಟ್ಟಿದೆ.
ಎಲ್ಲಿದೆಯೆಂದು ಅವಳಿಗೆ ಗೊತ್ತಾಗಲಿ, ಅಷ್ಟೇ.
ಐದನೆಯ ದಿನ ನೋಡುತ್ತೇನೆ:
ಗೋಡೆ ಬಿಟ್ಟಿದ್ದಾಳೆ ಬೂದಿ!
ಅಂಗಳದ ನಟ್ಟನಡುವೆ, ಮೂಗೆತ್ತಿ,
ಕಿಣಿಕಿಣಿಯ ಹಿಂದೆ ಹಿಂದೆ ನಡೆದು
ಅದು ಕುಡಿದ ನೀರನ್ನೇ ಕುಡಿಯುತ್ತಿದ್ದಾಳೆ.
ಅಕ್ಕನನ್ನು ಕೂಗಿ ಕರೆದೆ.
'ಬಾಯಾರಿತ್ತು, ಹೋದಳು,' ಅಂದಳು ಅಕ್ಕ.
ಇದ್ದರೂ ಇರಬಹುದು.

ಪುಷ್ಯದ ಚಳಿ. ಕರೆಂಟಿಲ್ಲ.
ನಂದಿಬೆಟ್ಟದ ಕಡೆಯ ಗಾಳಿ
ತಗಡಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತಿತ್ತು.
ಒಲೆಗೂ ಗೋಡೆಗೂ ನಡುವೆ
ಒಂದೇ ನಾಯಿ ಮಲಗುವಷ್ಟು ಬಿಸಿ,
ಅದು ಹತ್ತು ವರ್ಷದಿಂದ ಸರದಾರನ ಸ್ವಂತದ್ದು.
ಗಂಟೆ ಹತ್ತಿರ ಬಂತು. ಗುರ್ರ್.
ಗಂಟೆ ನಿಂತಿತು.
ಇನ್ನೊಂದು ಹೆಜ್ಜೆ. ಗುರ್ರ್.
ಆಮೇಲೆ ನೆಲಕ್ಕೆ ಉಗುರು ಉಜ್ಜಿದ ಸದ್ದು,
ಭಾರದ್ದೇನೋ ಎಳೆದ ಸದ್ದು,
ಆ ನಿಟ್ಟುಸಿರು.

ಅಕ್ಕ ಟಾರ್ಚ್ ಬಿಟ್ಟಳು.
ಒಂದು ಗೇಣು ಸರಿದಿದ್ದ ಸರದಾರ.
ಹೆಚ್ಚಿಲ್ಲ.
ಗುರುಗುಟ್ಟುವುದನ್ನೂ ನಿಲ್ಲಿಸಿರಲಿಲ್ಲ.
ಆ ಗೇಣಿನಲ್ಲಿ ಮರಿ ಇಡೀ ಮೈ ಮಡಿಸಿ
ಮೂತಿಯನ್ನು ಅವನ ಹೊಟ್ಟೆಗೆ ಒತ್ತಿ
ನಿದ್ದೆಯಲ್ಲೂ ಕಿಣಿಕಿಣಿ ಅನ್ನುತ್ತಿತ್ತು.

'ಗಂಟೆ ಬಿಚ್ಚು, ಮುದುಕನಿಗೆ ನಿದ್ದೆ ಬರಲ್ಲ.'
'ಬೂದಿಗೆ ಬೇಕಲ್ಲಕ್ಕ.'
ಸ್ವಲ್ಪ ಹೊತ್ತು ಮಾತಿಲ್ಲ.
ಮೂಲೆಯ ಬುಟ್ಟಿಯಿಂದ ಒಂದು ಚಿಟಿಕೆ
ರೇಷ್ಮೆಯ ವೇಸ್ಟು ತೆಗೆದು
ಬೆಂದ ಬೆರಳಲ್ಲಿ ಉಂಡೆ ಕಟ್ಟಿ
ಬಗ್ಗಿ, ಮೊಣಕಾಲೂರಿ,
ಗಂಟೆಯ ನಾಲಿಗೆಗೆ ಸುತ್ತಿದಳು.

'ಬೆಳಿಗ್ಗೆ ತೆಗೆಯೋಕೆ ಮರೀಬೇಡ,'
ಅಂದಳು, ನನ್ನತ್ತ ನೋಡದೆ.